ಹಳೇ ಪಶುವೈದ್ಯಶಾಲೆಯ ಎರಡನೇ ಕೋಣೆ

ನಮ್ಮಮ್ಮ ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದವಳು. ಟಿಕೆಟ್ ಕೊಟ್ಟವಳಲ್ಲ, ಡಿಪೋದ ಆಫೀಸಿನಲ್ಲಿ ಕೂತವಳಲ್ಲ, ಸ್ಟೇರಿಂಗ್ ಹಿಡಿದು ಓಡಿಸಿದವಳು. ಹೀಗೆ ಒತ್ತಿ ಹೇಳುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ಶಾಲೆಯಲ್ಲಿ ಯಾರಾದರೂ ಅಮ್ಮನ ಕೆಲಸ ಕೇಳಿದಾಗ ನಾನು ಹೇಳಿದರೆ, "ಅಪ್ಪಂದಲ್ಲ ಕಣೋ, ಅಮ್ಮಂದು ಕೇಳಿದ್ದು" ಅನ್ನುತ್ತಿದ್ದರು. ಆಗ ಎದೆಯುಬ್ಬಿಸಿ ಮತ್ತೊಂದು ಸಲ ಹೇಳುವ ಅವಕಾಶ ಸಿಗುತ್ತಿತ್ತು.

ಕೊನೆಯ ಒಂಬತ್ತು ವರ್ಷ ಅವಳ ರೂಟು ಇದ್ದದ್ದು ರಾಷ್ಟ್ರೀಯ ಉದ್ಯಾನದ ಗೇಟಿನವರೆಗೆ. ಕಾಡಂಚಿನ ಹದಿನೆಂಟು ಕಿಲೋಮೀಟರ್ ಉದ್ದಕ್ಕೂ ಹಾರ್ನ್ ಹೊಡೆಯುವಂತಿಲ್ಲ. ಎಲ್ಲರೂ ಒಮ್ಮೊಮ್ಮೆ ಮರೆತು ಹೊಡೆಯುತ್ತಿದ್ದರು, ಅಮ್ಮ ಮಾತ್ರ ಒಂದು ದಿನವೂ ಹೊಡೆಯಲಿಲ್ಲ. ಅದಕ್ಕೆ ಡಿಪೋದವರು ಅವಳಿಗೆ ಮೌನಕ್ಕ ಎಂದು ಹೆಸರಿಟ್ಟಿದ್ದರು. ಹಾರ್ನಿಗೆ ಹಾಕಿದ್ದ ಬೀಗವನ್ನು ಅವಳು ತನ್ನ ಬಾಯಿಗೂ ಹಾಕಿದ್ದಿದ್ದರೆ ಆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ಗೇಟಿನ ಬಳಿ ಬಸ್ಸು ನಿಲ್ಲುತ್ತಿದ್ದದ್ದು ಇಪ್ಪತ್ತೇ ನಿಮಿಷ. ಒಂದು ಲೋಟ ಚಹಾ, ಟೈರುಗಳ ಮೇಲೊಂದು ಕಣ್ಣು, ಬಸ್ಸು ತಿರುಗಿಸಿಕೊಂಡು ವಾಪಸ್ಸು. ಸಾವಿರಾರು ಜನರನ್ನು ಕಾಡಿನ ಬಾಗಿಲಿಗೆ ಮುಟ್ಟಿಸಿದವಳು ತಾನು ಮಾತ್ರ ಒಮ್ಮೆಯೂ ಒಳಗೆ ಕಾಲಿಡಲಿಲ್ಲ. ನಿವೃತ್ತಿಯಾದ ಮೇಲೆ ನೋಡಿದರಾಯಿತು ಅನ್ನುತ್ತಿದ್ದಳು. ನಿವೃತ್ತಿಯಾದ ಮರುವರ್ಷವೇ ಬೆನ್ನುಹುರಿಗೆ ಸೋಂಕು ತಗುಲಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಸೊಂಟದ ಕೆಳಗೆ ಏನೂ ಆಡುತ್ತಿರಲಿಲ್ಲ.

ಅದಾಗಿ ಮೂರು ವರ್ಷ. ಅಮ್ಮನಿಗೀಗ ಅರವತ್ತನಾಲ್ಕು. ಗಾಲಿಕುರ್ಚಿಯನ್ನು ಅವಳು 'ಗಾಡಿ' ಅನ್ನುತ್ತಾಳೆ, ಕುರ್ಚಿ ಅಂದರೆ ಸಿಟ್ಟು ಬರುತ್ತದೆ.

ನಾನು ಲಿಫ್ಟ್ ಮೆಕ್ಯಾನಿಕ್. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಪರೀಕ್ಷೆ ಮುಗಿದ ಮೇಲೆ ಅವಳಿಗೆ ನಾಲ್ಕು ದಿನ ಬಿಡುವು ಸಿಗುತ್ತದೆ ಎಂದು ಗೊತ್ತಾದಾಗ, "ಈ ಸಲ ಅತ್ತೆನ ಕಾಡಿಗೆ ಕರ್ಕೊಂಡು ಹೋಗೋಣ ರೀ. ಎರಡು ರಾತ್ರಿ ಇದ್ದು ಬರೋಣ" ಎಂದವಳು ಅವಳೇ. ಅಮ್ಮ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಚಾಕುವಿನ ಸದ್ದು ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಒಪ್ಪಿಗೆ ಸಿಕ್ಕಿತು ಎಂದು ನನಗೆ ಗೊತ್ತಾಯಿತು.

ಹೋಗುವುದೇನೋ ನಿಕ್ಕಿಯಾಯಿತು. ಉಳಿದುಕೊಳ್ಳುವುದು ಎಲ್ಲಿ?

ಹೆಂಡತಿ ಅದಾಗಲೇ ಒಂದು ರೆಸಾರ್ಟಿನ ಮೇಲೆ ಮನಸ್ಸಿಟ್ಟಿದ್ದಳು. ಫೋನಿನಲ್ಲಿ ಅದರ ಚಿತ್ರಗಳನ್ನು ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಒಂಟಿ ಒಂಟಿ ಮನೆಗಳು, ಕಾಡಿಗೆ ತೆರೆದ ವರಾಂಡ, ಹಾಸಿಗೆಯ ಮೇಲೆ ಹಂಸದಂತೆ ಮಡಚಿಟ್ಟ ಟವೆಲ್ಲು. ವರ್ಷವಿಡೀ ಇನ್ನೊಬ್ಬರ ಮಕ್ಕಳಿಗೆ ಲೆಕ್ಕ ತಿದ್ದುವವಳಿಗೆ ಎರಡು ದಿನ ಆ ಹಂಸ ಬೇಕಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಫೋನ್ ಮಾಡಿ, ಅಮ್ಮನೂ ಕೇಳಲೆಂದು ಸ್ಪೀಕರ್ ಹಾಕಿದಳು.

"ನಮ್ಮ ಅತ್ತೆ ವೀಲ್‌ಚೇರಲ್ಲಿದ್ದಾರೆ. ಬಚ್ಚಲುಮನೆ ಬಾಗಿಲು ಎಷ್ಟು ಅಗಲ ಇದೆ ಸ್ವಲ್ಪ ಹೇಳ್ತೀರಾ?"

"ಎಲ್ಲಾ ಸೌಕರ್ಯ ಇದೆ ಮೇಡಂ, ಏನೂ ಯೋಚನೆ ಮಾಡ್ಬೇಡಿ."

"ಎಷ್ಟು ಇಂಚು?"

"ಇಂಚು ಗೊತ್ತಿಲ್ಲ ಮೇಡಂ. ನಮ್ಮ ಹುಡುಗರಿದ್ದಾರೆ. ನಾಲ್ಕು ಜನ ಸೇರಿ ಹೂವಿನ ಥರ ಎತ್ಕೊಂಡು ಹೋಗ್ತಾರೆ."

ಅಮ್ಮ ಕೈ ಚಾಚಿ ಫೋನು ಇಸಿದುಕೊಂಡಳು. "ನಾಲ್ಕು ಜನ ಹೊತ್ಕೊಂಡು ಹೋಗೋ ದಿನ ಬಂದೇ ಬರುತ್ತಪ್ಪ. ಈಗಲೇ ಯಾಕೆ ಆತುರ?" ಎಂದು ಹೇಳಿ ಫೋನಿಟ್ಟಳು.

ನಾನು ನಕ್ಕುಬಿಟ್ಟೆ, ಹೆಂಡತಿ ನಗಲಿಲ್ಲ. "ಒಂದೆರಡು ಸಲ ಎತ್ತಿದ್ರೆ ಏನಾಗುತ್ತೆ ಅತ್ತೆ? ಅವರೂ ಒಳ್ಳೇದಕ್ಕೇ ಹೇಳೋದು."

ಅಮ್ಮ ಗಾಡಿಯನ್ನು ಅವಳತ್ತ ತಿರುಗಿಸಿದಳು. "ಹೋದ ವರ್ಷ ನಿನ್ನ ತಮ್ಮನ ಮದುವೇಲಿ ನನ್ನ ವೇದಿಕೆಗೆ ಎತ್ತಿದ್ರಲ್ಲ, ನೆನಪಿದ್ಯಾ? ಕೇಳ್ಲೂ ಇಲ್ಲ, ಹೇಳ್ಲೂ ಇಲ್ಲ. ನಾಲ್ಕು ಕಡೆಯಿಂದ ನಾಲ್ಕು ಜನ ಹಿಡಿದ್ರು, ಎತ್ತಿದ್ರು. ಊಟಕ್ಕೆ ಕೂತಿದ್ದೋರೆಲ್ಲ ಕತ್ತೆತ್ತಿ ನೋಡಿದ್ರು. ನನ್ನ ಕಾಲು ಎರಡೂ ಜೋತಾಡ್ತಾ ಇತ್ತು. ಇಪ್ಪತ್ತೇಳು ವರ್ಷ ದಿನಾ ಐವತ್ತೈವತ್ತು ಜನನ್ನ ಹೊತ್ತು ತಿರುಗಿದೋಳು ಕಣಮ್ಮ ನಾನು. ಸಾಮಾನಿನ ಥರ ಎತ್ತೋ ಕಡೆ ನಾನು ಬರಲ್ಲ. ಯಾರೂ ಎತ್ತದೇ ಇರೋ ಜಾಗ ಹುಡುಕಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ."

ಆ ದಿನ ಇನ್ನೂ ಐದು ಕಡೆ ಫೋನ್ ಮಾಡಿದೆವು. ಒಂದು ಕಡೆ ಕೋಣೆಗಳೆಲ್ಲ ಮರದ ಮೇಲೆ. ಇನ್ನೊಂದು ಕಡೆ ಡೇರೆ, ಬಚ್ಚಲಿಗೆ ನೂರು ಹೆಜ್ಜೆ. ಉಳಿದವರೆಲ್ಲ 'ಬನ್ನಿ ನೋಡೋಣ, ಏನಾದ್ರೂ ಮಾಡೋಣ' ಎನ್ನುವವರು. ಬಾಗಿಲಿನ ಅಗಲ ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ. ನನ್ನ ಕೆಲಸದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಲಿಫ್ಟಿನ ಬಾಗಿಲು ಮುಚ್ಚುವುದಿಲ್ಲ. ಈ 'ನೋಡೋಣ'ಗಳನ್ನು ಕೇಳಿ ಕೇಳಿ ತಲೆ ಕೆಟ್ಟು, "ಭಾನುವಾರ ನಾನೇ ಹೋಗಿ ಅಳ್ಕೊಂಡು ಬರ್ತೀನಿ" ಅಂದೆ.

"ಅಳತೆ ಸಾಲಲ್ಲ ಕಣೋ," ಅಂದಳು ಅಮ್ಮ. "ಹೊಸ ರೂಟಿಗೆ ಬಸ್ಸು ಬಿಡೋ ಮುಂಚೆ ಖಾಲಿ ಬಸ್ಸು ಓಡಿಸಿ ನೋಡ್ತಾರೆ. ಕಾಗದದ ಮೇಲೆ ಸರಿಯಾಗಿರೋ ತಿರುವು ರೋಡಲ್ಲಿ ಸರಿಯಾಗಿರಲ್ಲ. ನನ್ನ ಗಾಡಿ ತಗೊಂಡು ಹೋಗು. ನೀನೇ ಕೂತು ನೋಡು. ಒಂದು ದಿನ ನಾನು ಆಸ್ಪತ್ರೆಯವರು ಕೊಟ್ಟ ಆ ಹಳೇ ಡಬ್ಬಾದಲ್ಲಿ ಕೂತಿರ್ತೀನಿ." ಆಮೇಲೆ ಬೆರಳೆತ್ತಿ ಸೇರಿಸಿದಳು. "ಕಾಲು ಮಾತ್ರ ನೆಲಕ್ಕೆ ಊರ್ಬಾರ್ದು. ಊರಿದ್ರೆ ಆ ಟ್ರಿಪ್ಪು ಲೆಕ್ಕಕ್ಕಿಲ್ಲ."

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಮಡಚಿದ ಗಾಡಿಯನ್ನು ಹತ್ತಿಸಿದೆ. ಕಂಡಕ್ಟರ್ ಅತ್ತಿತ್ತ ನೋಡಿ, "ಪೇಷಂಟ್ ಎಲ್ಲಿ?" ಎಂದು ಕೇಳಿದ.

"ಮನೇಲಿದ್ದಾರೆ. ಇವತ್ತು ಗಾಡಿ ಮಾತ್ರ ಕಾಡು ನೋಡೋಕೆ ಹೊರಟಿದೆ."

ಅವನು ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಮೊದಲು ಹೋದದ್ದು ಹಂಸದ ಟವೆಲ್ಲಿನ ರೆಸಾರ್ಟಿಗೆ. ಗೇಟಿಗೆ ಸ್ವಲ್ಪ ದೂರದಲ್ಲಿ ಒಂದು ಮರದ ಮರೆಯಲ್ಲಿ ಗಾಡಿ ಬಿಚ್ಚಿ ಕೂತೆ. ಕಳ್ಳತನ ಮಾಡುವವನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಕೈಯಲ್ಲಿ ಚಕ್ರ ತಳ್ಳಿಕೊಂಡು ಐವತ್ತು ಮಾರು ಹೋಗುವಷ್ಟರಲ್ಲಿ ಅಂಗಿ ಒದ್ದೆ. ರಿಸೆಪ್ಶನ್ನಿನ ಮುಂದೆ ರ‍್ಯಾಂಪ್ ಇತ್ತು. ಅದನ್ನು ಕಟ್ಟಿದವನು ಸೂಟ್‌ಕೇಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದ. ಅರ್ಧ ಹತ್ತುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಒಬ್ಬ ಹುಡುಗ ಓಡಿಬಂದು ತಳ್ಳಿದ.

ಕೌಂಟರಿನ ಹಿಂದಿದ್ದಾಕೆ ನನ್ನ ಕಡೆ ಬಗ್ಗಿ, ಕಿವುಡರೊಂದಿಗೆ ಮಾತಾಡುವಂತೆ ಗಟ್ಟಿಯಾಗಿ ಕೇಳಿದಳು. "ಜೊತೇಲಿ ಯಾರು ಬಂದಿದ್ದಾರೆ ಸಾರ್?"

"ಯಾರೂ ಇಲ್ಲ. ನಾನೊಬ್ಬನೇ."

ಆಕೆ ನನ್ನನ್ನು ಬಿಟ್ಟು ಆ ಹುಡುಗನನ್ನು ಕೇಳಿದಳು. "ಇವರಿಗೆ ಏನು ಬೇಕಂತೆ?"

ನಾನು ಅಲ್ಲೇ ಇದ್ದೆ. ನನ್ನ ಬಾಯಿಯೂ ಅಲ್ಲೇ ಇತ್ತು. ಆದರೂ ಆಕೆಗೆ ನಾನು ಸೊಂಟದೆತ್ತರದ ಒಂದು ಸಾಮಾನು. ಅಮ್ಮನೊಂದಿಗೆ ಬ್ಯಾಂಕಿಗೆ, ಅಂಗಡಿಗೆ ಹೋದಾಗೆಲ್ಲ ಜನ ಅವಳ ತಲೆಯ ಮೇಲಿಂದ ನನ್ನನ್ನು ಕೇಳುತ್ತಿದ್ದದ್ದು, ನಾನೂ ಸಲೀಸಾಗಿ ಉತ್ತರ ಕೊಡುತ್ತಿದ್ದದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಕೋಣೆಗಳಿಗೆ ಹೋಗುವ ದಾರಿಗೆ ಬಿಳಿ ಬೆಣಚುಕಲ್ಲು ಹರಡಿದ್ದರು. ಚಿತ್ರದಲ್ಲಿ ಬಹಳ ಚಂದ ಕಂಡಿತ್ತು. ನಾಲ್ಕು ಅಡಿ ಹೋಗುವಷ್ಟರಲ್ಲಿ ಮುಂದಿನ ಚಿಕ್ಕ ಚಕ್ರಗಳು ಹೂತುಹೋದವು. ತಡಿ ಎಂದು ಹೇಳುವ ಮೊದಲೇ ಇಬ್ಬರು ಹುಡುಗರು ಮುಂದೊಬ್ಬ ಹಿಂದೊಬ್ಬ ಹಿಡಿದು ನನ್ನನ್ನು ಗಾಡಿಸಮೇತ ಎತ್ತಿದರು. ನೆಲ ಎಲ್ಲಿದೆ, ಯಾವಾಗ ಇಳಿಸುತ್ತಾರೆ ಒಂದೂ ಗೊತ್ತಾಗಲಿಲ್ಲ. ಮನೆ ಬದಲಾಯಿಸುವಾಗ ಬೀರು ಹೊರುತ್ತಾರಲ್ಲ, ಆ ಬೀರುವಿನ ಪಾಡು ಅಂದು ನನಗೆ ಅರ್ಥವಾಯಿತು. ಪಾಪ, ಆ ಹುಡುಗರು ನಗುನಗುತ್ತಲೇ ಇದ್ದರು, ಒಳ್ಳೆಯ ಮನಸ್ಸಿನವರು.

ಬಚ್ಚಲುಮನೆಯ ಬಾಗಿಲಿಗೆ ಟೇಪು ಹಿಡಿದೆ. ಇಪ್ಪತ್ತನಾಲ್ಕು ಇಂಚು. ಅಮ್ಮನ ಗಾಡಿ ಇಪ್ಪತ್ತೈದೂವರೆ.

"ಚೇರ್ ಹೊರಗೆ ಬಿಡಿ ಸಾರ್. ನಾವು ಎತ್ತಿ ಒಳಗೆ ಕೂರಿಸ್ತೀವಿ."

"ಕಮೋಡಿನ ಮೇಲೂ?"

"ಅದಕ್ಕೂ ಸೈ ಸಾರ್. ನಾಚ್ಕೊಬೇಡಿ."

ಇನ್ನು ಸಾಕೆಂದು ಎದ್ದು ನಿಂತೆ. ಆ ಹುಡುಗನ ಕೈಯಿಂದ ಟವೆಲ್ಲುಗಳು ಬಿದ್ದವು. "ಅಯ್ಯೋ ಸಾರ್, ಎದ್ಬಿಟ್ರಾ!" ಎಂದು ಗೋಡೆಗೆ ಒರಗಿದ. ವಿಷಯ ಬಿಡಿಸಿ ಹೇಳಿ, ಕ್ಷಮೆ ಕೇಳಿ, ಗಾಡಿ ಮಡಚಿಕೊಂಡು ಹೊರಬರುವಷ್ಟರಲ್ಲಿ ಬೆವರು ಕಿತ್ತುಕೊಂಡಿತ್ತು. ರಿಸೆಪ್ಶನ್ನಿನಾಕೆ ನಾನು ನಡೆದು ಹೋಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಆಮೇಲೆ ಹೋದದ್ದು ಉದ್ಯಾನದೊಳಗೆ ಇರುವ ಅರಣ್ಯ ಇಲಾಖೆಯ ಅತಿಥಿಗೃಹಕ್ಕೆ. ಗೇಟು ದಾಟಿ ಒಂದು ಕಿಲೋಮೀಟರ್. ಕೆರೆಯ ದಂಡೆಯ ಮೇಲೆ, ಸುತ್ತ ವರಾಂಡ ಇರುವ ಕಲ್ಲಿನ ಮನೆ. ಇಂಥ ಜಾಗದಲ್ಲಿ ಅಮ್ಮ ಬೆಳಗಿನ ಚಹಾ ಕುಡಿಯಬೇಕು ಅನ್ನಿಸಿತು. ಆದರೆ ಅದು ಎತ್ತರದ ಕಲ್ಲುಕಟ್ಟೆಯ ಮೇಲಿತ್ತು. ನಾನು ಕೆಳಗೆ ಗಾಡಿಯಲ್ಲಿ ಕೂತು ಮೇಲೆ ನೋಡಿದೆ. ಮೇಲಿನಿಂದ ಬಿಳಿ ಮೀಸೆಯ ಕಾವಲುಗಾರ ಕೆಳಗೆ ನೋಡಿದ.

"ಏಳು ಮೆಟ್ಟಿಲಿದೆ ಸಾರ್," ಅಂದ. "ಸುಳ್ಳು ಹೇಳಿ ಕರೆಯಲ್ಲ. ಇಲ್ಲಿ ಆಗಲ್ಲ."

ಬೆಳಗಿನಿಂದ ಯಾರೂ ಇಷ್ಟು ನೇರವಾಗಿ ಮಾತಾಡಿರಲಿಲ್ಲ. ಎದ್ದು ನಿಂತು ಅವನಿಗೆ ಎಲ್ಲವನ್ನೂ ಹೇಳಿದೆ, ಅಮ್ಮ, ಬಸ್ಸು, ಖಾಲಿ ಟ್ರಿಪ್ಪು, ಎಲ್ಲ. ಅವನು ಮೆಟ್ಟಿಲಿಳಿದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಮೀಸೆ ತೀಡಿಕೊಂಡ.

"ಒಂದು ಜಾಗ ಇದೆ. ಹೇಳೋಕೇ ನಾಚಿಕೆ. ಹಳೇ ಪಶುವೈದ್ಯಶಾಲೆ."

"ಪ್ರಾಣಿಗಳ ಆಸ್ಪತ್ರೆನಾ?"

"ಹೂಂ ಸಾರ್. ಗಾಯ ಆದ ಜಿಂಕೆ ಗಿಂಕೆ ತಂದು ಇಡ್ತಿದ್ರು. ಈಗ ಆಸ್ಪತ್ರೆ ಬೇರೆ ಕಡೆ ಹೋಗಿದೆ. ಅದನ್ನ ತೊಳೆದು ಬಳಿದು ಎರಡು ರೂಮು ಮಾಡಿದ್ದಾರೆ. ಕೆರೆ ಕಾಣಲ್ಲ, ಏನೂ ಕಾಣಲ್ಲ. ಹೆಸರು ಕೇಳಿದ್ರೇ ಜನ ಬೇಡ ಅಂತಾರೆ."

ಗೇಟಿಗೆ ಹತ್ತಿರದಲ್ಲೇ ಇತ್ತು, ಉದ್ದನೆಯ ಒಂಟಿ ಅಂತಸ್ತಿನ ಕಟ್ಟಡ. ಮತ್ತೆ ಗಾಡಿಯಲ್ಲಿ ಕೂತೆ. ಎರಡನೇ ಕೋಣೆಯ ಬಾಗಿಲನ್ನು ಕಾವಲುಗಾರ ತಳ್ಳಿದ. ನಾಲ್ಕಡಿ ಅಗಲ. ನೆಲದಲ್ಲಿ ಹೊಸ್ತಿಲೆಂಬುದೇ ಇರಲಿಲ್ಲ. ಪ್ರಾಣಿಗಳನ್ನು ಮಲಗಿಸಿಕೊಂಡು ಚಕ್ರದ ಸ್ಟ್ರೆಚರ್ ತಳ್ಳುತ್ತಿದ್ದ ಜಾಗವಲ್ಲವೇ, ಎಲ್ಲೂ ಒಂದು ಏರಿಲ್ಲ, ತಗ್ಗಿಲ್ಲ. ನಾನು ಕೋಣೆಯ ನಡುವೆ ಗಾಡಿ ನಿಲ್ಲಿಸಿ ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿದೆ. ಗಾಡಿ ಗರ‍್ರನೆ ಪೂರ್ತಿ ಸುತ್ತಿತು, ಎಲ್ಲಿಗೂ ತಾಗಲಿಲ್ಲ. ಬಚ್ಚಲಿಗೂ ಅಷ್ಟೇ ಅಗಲದ ಬಾಗಿಲು. ನಲ್ಲಿ ಕೂತವರ ಕೈಗೆ ಸಿಗುವ ಎತ್ತರದಲ್ಲಿತ್ತು. ಗೋಡೆಯುದ್ದಕ್ಕೂ ಗಟ್ಟಿ ಕಬ್ಬಿಣದ ಪೈಪು.

"ಇದು ಯಾಕೆ?"

"ಪ್ರಾಣಿ ಕಟ್ಟೋಕೆ ಸಾರ್. ಕಿತ್ತು ಹಾಕಿ ಅಂತ ಹೇಳಿದ್ದಾರೆ, ಆಳು ಬಂದಿಲ್ಲ."

"ದಯವಿಟ್ಟು ಕೀಳ್ಬೇಡಿ," ಅಂದೆ. ಇಂಥ ಹಿಡಿಕೆಗಳಿಗಾಗಿ ನಮ್ಮ ಮನೆಯ ಬಚ್ಚಲಲ್ಲಿ ಎರಡು ಭಾನುವಾರ ಗೋಡೆ ಕೊರೆದವನು ನಾನು.

ಉಳಿದದ್ದು ಮಂಚ. ಅಮ್ಮ ಗಾಡಿಯಿಂದ ಮಂಚಕ್ಕೆ ಒಂದು ನುಣುಪು ಹಲಗೆಯ ಮೇಲೆ ಜರುಗುತ್ತಾಳೆ. ಹಲಗೆಯ ಒಂದು ತುದಿ ತೊಡೆಯ ಕೆಳಗೆ, ಇನ್ನೊಂದು ತುದಿ ಹಾಸಿಗೆಯ ಮೇಲೆ. ಎರಡೂ ಮುಷ್ಟಿ ಊರಿ ಮೈ ಎತ್ತಿ, ಚೂರು ಚೂರೇ ಸರಿಯಬೇಕು. ಹಲಗೆ ನನ್ನ ಚೀಲದಲ್ಲೇ ಇತ್ತು. ಕಾಲು ಸತ್ತುಹೋಗಿದೆ ಎಂದುಕೊಂಡು ಮುಷ್ಟಿ ಊರಿದೆ. ಮೈ ಮೇಲೇಳಲಿಲ್ಲ. ಇನ್ನೊಮ್ಮೆ ಊರಿದೆ. ಅರ್ಧಕ್ಕೆ ಬಂದು ತೋಳು ನಡುಗಿ ಕೂತುಬಿಟ್ಟೆ. ಮೂರನೆಯ ಸಲ ಹಲಗೆ ಓರೆಯಾಗಿ ದೊಪ್ಪೆಂದು ನೆಲಕ್ಕೆ ಬಿದ್ದೆ. ದಿನಾ ಲಿಫ್ಟಿನ ಗುಂಡಿಗಳಲ್ಲಿ ಇಳಿದು ಹತ್ತಿ ಗಟ್ಟಿಯಾದ ಮೈ ನನ್ನದು, ನಲವತ್ತು ದಾಟಿಲ್ಲ.

ನೆಲದ ಮೇಲೆ ಹಾಗೇ ಕೂತಿದ್ದೆ. ಅಮ್ಮ ಇದನ್ನು ದಿನಕ್ಕೆ ಹತ್ತು ಸಲ ಮಾಡುತ್ತಾಳೆ. ಮಂಚಕ್ಕೆ, ಮಂಚದಿಂದ, ಕಮೋಡಿಗೆ, ಸ್ನಾನದ ಪೀಠಕ್ಕೆ. ಮೂರು ವರ್ಷದಿಂದ ಮಾಡುತ್ತಿದ್ದಾಳೆ, ಮಾಡುತ್ತಲೇ ನನ್ನನ್ನು ಬೈಯುತ್ತಾಳೆ, ಫೋನಿನಲ್ಲಿ ಡಿಪೋದ ಗೆಳತಿಯರೊಂದಿಗೆ ಹರಟೆ ಹೊಡೆಯುತ್ತಾಳೆ. ನಾನು ದಿನವೂ ನೋಡಿದ್ದೆ, ನೋಡಿಯೂ ನೋಡಿರಲಿಲ್ಲ. ಬಸ್ಸು ಓಡಿಸುತ್ತಾಳೆಂದು ಚಿಕ್ಕಂದಿನಲ್ಲಿ ಊರೆಲ್ಲ ಹೇಳಿಕೊಂಡು ತಿರುಗಿದವನು, ಈ ಹಲಗೆಯ ವಿಷಯವನ್ನು ಒಬ್ಬರಿಗೂ ಹೆಮ್ಮೆಯಿಂದ ಹೇಳಿರಲಿಲ್ಲ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಸವರಿದೆ. ಕಾವಲುಗಾರ ಏನು ತಿಳಿದುಕೊಂಡನೋ, "ಪೆಟ್ಟಾಯ್ತಾ ಸಾರ್?" ಎಂದು ನೀರು ತಂದುಕೊಟ್ಟ.

ಸಂಜೆ ಮನೆಯಲ್ಲಿ ವರದಿ ಒಪ್ಪಿಸಿದೆ. ಬಿದ್ದದ್ದನ್ನು ಮುಚ್ಚಿಡೋಣವೆಂದಿದ್ದೆ. ಆದರೆ ಅಂಗಿಯ ಮೊಣಕೈ ಹರಿದಿದ್ದನ್ನು ಅಮ್ಮ ನೋಡಿದಳು.

"ಹಲಗೆ ಓರೆ ಇಟ್ಟಿರ್ತೀಯ," ಅಂದಳು.

"ಹೂಂ."

"ಭುಜ ಮುಂದಕ್ಕೆ ಬಗ್ಗಿಸ್ಬೇಕು ಕಣೋ. ತಲೆ ಎತ್ತ ಹೋಗುತ್ತೋ ಕುಂಡೆ ಅದಕ್ಕೆ ಎದುರು ದಿಕ್ಕಿಗೆ ಹೋಗುತ್ತೆ. ನನಗೂ ಎರಡು ತಿಂಗಳು ಹಿಡೀತು." ಅವಳ ಮುಖದಲ್ಲಿ ಒಂದು ಗತ್ತು ಇತ್ತು. ಹೊಸ ಡ್ರೈವರುಗಳಿಗೆ ಪಾಠ ಹೇಳುವಾಗ ಬರುತ್ತಿದ್ದ ಗತ್ತು.

ಹೆಂಡತಿ ಹರಿದ ಮೊಣಕೈಯನ್ನು ತಿರುಗಿಸಿ ನೋಡಿದಳು. ಆಮೇಲೆ, "ಪಶುವೈದ್ಯಶಾಲೇಲಿ ಇದ್ದು ಬಂದ್ವಿ ಅಂತ ಸ್ಟಾಫ್ ರೂಮಲ್ಲಿ ಹೇಗ್ರೀ ಹೇಳೋದು?" ಎಂದಳು. ನಗುವಂತೆ ಹೇಳಿದರೂ ದನಿಯಲ್ಲಿ ನಿರಾಸೆ ಇತ್ತು. "ಅತ್ತೆನ ಮೊದಲನೇ ಸಲ ಕರ್ಕೊಂಡು ಹೋಗ್ತಿದೀವಿ. ಚೆನ್ನಾಗಿರೋ ಜಾಗದಲ್ಲಿ ಇಡಬೇಕು ಅಂತ ನನಗೂ ಆಸೆ ಇರಲ್ವಾ?"

"ನೀವಿಬ್ರೂ ರೆಸಾರ್ಟಲ್ಲಿರಿ. ಅಲ್ಲಿ ನಾನೊಬ್ಬಳೇ ಇರ್ತೀನಿ," ಅಂದಳು ಅಮ್ಮ.

"ಅತ್ತೆ!"

"ಸಿಟ್ಟಿನಿಂದ ಹೇಳ್ತಿಲ್ಲಮ್ಮ. ನಿನಗೆ ಕೆರೆ ಕಾಣೋದು ಚೆನ್ನಾಗಿರೋ ಜಾಗ. ನನಗೆ ಬೆಳಗ್ಗೆ ಎದ್ದು ಯಾರನ್ನೂ ಕೂಗದೆ ಮುಖ ತೊಳ್ಕೊಳೋದು ಚೆನ್ನಾಗಿರೋ ಜಾಗ. ಅಷ್ಟೇ ವ್ಯತ್ಯಾಸ." ಆಮೇಲೆ ನನ್ನ ಕಡೆ ತಿರುಗಿ ವಿಚಾರಣೆಗೆ ಇಳಿದಳು. ಬಾಗಿಲು ಒಳಕ್ಕೆ ತೆರೆಯುತ್ತೋ ಹೊರಕ್ಕೋ? ಬಚ್ಚಲ ನೆಲ ಒದ್ದೆಯಾದರೆ ಜಾರುತ್ತಾ? ಮಂಚಕ್ಕೂ ಗೋಡೆಗೂ ನಡುವೆ ಎಷ್ಟು ಜಾಗ? ಅಂಗಳದಲ್ಲಿ ಮಣ್ಣೋ ಸಿಮೆಂಟೋ? ನಾನು ಬರೆದುಕೊಂಡು ಬಂದದ್ದನ್ನೆಲ್ಲ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಆ ಕೋಣೆಯೊಳಗೆ ಒಂದು ಸುತ್ತು ಬಂದಳು. ಕಣ್ಣು ತೆರೆದು, "ದನದ ಆಸ್ಪತ್ರೆಗೆ ಸೇರಿಸಿದ್ರೂ ಪರವಾಗಿಲ್ಲ, ಅದೇ ಇರ್ಲಿ," ಅಂದಳು.

ಹೆಂಡತಿ ಸ್ವಲ್ಪ ಹೊತ್ತು ಫೋನಿನಲ್ಲಿ ಹಂಸಗಳ ಚಿತ್ರ ನೋಡುತ್ತಿದ್ದಳು. ಆಮೇಲೆ ಅದನ್ನು ಮುಚ್ಚಿ, "ಎರಡು ರೂಮಿದೆ ಅಂದ್ರಲ್ಲ, ಎರಡೂ ಖಾಲಿ ಇದ್ಯಾ?" ಎಂದು ಕೇಳಿದಳು.

ಮರುದಿನ ಇಲಾಖೆಯ ಆಫೀಸಿಗೆ ಫೋನ್ ಮಾಡಿದ್ದೂ ಅವಳೇ. ಆಚೆಯ ಗುಮಾಸ್ತ, "ಅದು ಬೇಡ ಮೇಡಂ, ಅಲ್ಲಿ ಏನೂ ಚೆನ್ನಾಗಿಲ್ಲ," ಅಂದನಂತೆ. ಇವಳು ಹಿಂದಿನ ಬೆಂಚಿನ ಮಕ್ಕಳನ್ನು ನಿಲ್ಲಿಸುವ ದನಿಯಲ್ಲಿ, "ಬಾಗಿಲು ನಾಲ್ಕಡಿ ಇದೆ. ನಿಮ್ಮಲ್ಲಿ ಅದಕ್ಕಿಂತ ಚೆನ್ನಾಗಿರೋದು ಬೇರೆ ಇದ್ರೆ ಹೇಳಿ," ಎಂದಳಂತೆ. ಬೇರೆ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅಮ್ಮ ಕಾರಿನ ಡ್ರೈವರನಿಗೆ ಯಾವ ತಿರುವಿನಲ್ಲಿ ಯಾವ ಗೇರು ಎಂದು ಹೇಳುತ್ತಲೇ ಇದ್ದಳು. ಅವನು ಪುಣ್ಯಾತ್ಮ, ಎಲ್ಲದಕ್ಕೂ ಹೂಂ ಅಂದ. ಪಶುವೈದ್ಯಶಾಲೆಯ ಮುಂದೆ ಇಳಿದಾಗ ನನ್ನ ಕೈ ತಾನಾಗಿ ಗಾಡಿಯ ಹಿಡಿಗೆ ಹೋಯಿತು. "ಬಿಡೋ," ಅಂದಳು. ಬಿಟ್ಟೆ. ಅವಳು ಅಂಗಳ ದಾಟಿ, ಬಾಗಿಲು ತಳ್ಳಿ, ಎರಡನೇ ಕೋಣೆಯೊಳಗೆ ಹೋದಳು. ನಡುವೆ ಗಾಡಿ ನಿಲ್ಲಿಸಿ ಸುತ್ತ ನೋಡಿದಳು. ಬಚ್ಚಲೊಳಗೆ ಹೋದಳು, ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಬೀಳಬಹುದೆಂಬ ಹೆದರಿಕೆಯಿಂದ ಮನೆಯ ಬಚ್ಚಲಿನ ಚಿಲಕವನ್ನು ನಾನೇ ಕಿತ್ತು ಹಾಕಿದ್ದೆ. ಮೂರು ವರ್ಷದಲ್ಲಿ ಅಮ್ಮ ತಾನಾಗಿ ಒಂದು ಬಾಗಿಲು ಹಾಕಿಕೊಂಡದ್ದು ಅದೇ ಮೊದಲು. ಒಳಗೆ ನಲ್ಲಿ ಬಿಟ್ಟ ಸದ್ದು, ಆಮೇಲೆ ಅವಳ ಹಾಡು, ರಾಗ ಎತ್ತೆತ್ತಲೋ ಹೋಗುತ್ತಿತ್ತು. ಹೆಂಡತಿ ಕಣ್ಣೊರೆಸಿಕೊಂಡು, "ಊರಿಗೆ ಹೋದ್ ತಕ್ಷಣ ಚಿಲಕ ಹಾಕಿಸಿ," ಅಂದಳು. ಅರ್ಧ ಗಂಟೆ ಕಳೆದು ಹೊರಬಂದ ಅಮ್ಮ, ನಾವಿಬ್ಬರೂ ಬಾಗಿಲ ಹತ್ತಿರವೇ ನಿಂತಿದ್ದನ್ನು ನೋಡಿ, "ಏನು, ಟಿಕೆಟ್ ತಗೊಂಡು ಕ್ಯೂ ನಿಂತಿದೀರಾ?" ಎಂದಳು.

ಇಷ್ಟೆಲ್ಲ ಅಳೆದು ಸುರಿದು ಮಾಡಿದ ನಾವು ಒಂದನ್ನು ಮಾತ್ರ ಮರೆತಿದ್ದೆವು. ಬೆಳಿಗ್ಗೆ ಸಫಾರಿ ಬಸ್ಸು ಬಂದು ಅಂಗಳದಲ್ಲಿ ನಿಂತಾಗ ಅದು ಗೊತ್ತಾಯಿತು. ಅದರ ಮೊದಲ ಮೆಟ್ಟಿಲೇ ನನ್ನ ಮೊಣಕಾಲಿನೆತ್ತರಕ್ಕಿತ್ತು. ಒಳಗೆ ಇಪ್ಪತ್ತು ಜನ ಕೂತಿದ್ದರು. ಎಳೆ ವಯಸ್ಸಿನ ಡ್ರೈವರ್ ಇಳಿದು ಬಂದು, ಅಮ್ಮನನ್ನೂ ಮೆಟ್ಟಿಲನ್ನೂ ನೋಡಿ, ಅಂಗಿಯ ತೋಳು ಮಡಚಿಕೊಂಡ. "ಏನಿಲ್ಲ ಸಾರ್, ಎತ್ಬಿಡೋಣ."

ಅಮ್ಮ ಅವನ ಕಡೆ ನೋಡಲೂ ಇಲ್ಲ. ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. "ಹಿಂದ್ಗಡೆ ಎಮರ್ಜೆನ್ಸಿ ಬಾಗಿಲು ತೆಗೆಯೋಕೆ ಬರುತ್ತಾ?"

"ಬರುತ್ತಮ್ಮ."

"ಹಿಂದಿನ ಸೀಟು ತೆಗ್ಸಿದೀರಲ್ಲ, ಅಲ್ಲಿ ಏನಿಡ್ತೀರಾ?"

"ಸ್ಟೆಪ್ನಿ, ನೀರಿನ ಕ್ಯಾನು."

"ಅದನ್ನ ಸ್ವಲ್ಪ ಸರಿಸು. ಕಟ್ಟಡದ ಹಿಂದೆ ಪ್ರಾಣಿಗಳನ್ನ ಲಾರಿಗೆ ಹತ್ತಿಸೋ ಕಟ್ಟೆ ಇದೆ. ಒಂದು ಕಡೆ ಇಳಿಜಾರು ಮಾಡಿದ್ದಾರೆ. ನಿನ್ನೆ ಸಂಜೆ ಹತ್ತಿ ನೋಡಿದೀನಿ. ಬಸ್ಸು ರಿವರ್ಸ್ ತಗೊಂಡು ಅದಕ್ಕೆ ತಾಗಿಸು."

ಡ್ರೈವರ್ ತಲೆ ಕೆರೆದುಕೊಂಡ. "ಅಲ್ಲಿ ಮರ ಇದೆ, ಪಕ್ಕಕ್ಕೆ ಚರಂಡಿ ಇದೆ. ಆಗಲ್ಲಮ್ಮ."

"ಆಗುತ್ತೆ. ನಾನು ಹೇಳ್ತೀನಿ, ನೀನು ಕನ್ನಡಿ ನೋಡ್ಬೇಡ, ನನ್ನ ದನಿ ಕೇಳು."

ಅವಳು ಇಳಿಜಾರನ್ನು ಉಸಿರು ಬಿಡುತ್ತ, ಎರಡು ಕಡೆ ಗಾಡಿ ನಿಲ್ಲಿಸಿ ಸುಧಾರಿಸಿಕೊಂಡು, ತಾನೇ ಹತ್ತಿ ಕಟ್ಟೆಯ ಮೂಲೆಯಲ್ಲಿ ಗಾಡಿಗೆ ಬ್ರೇಕು ಹಾಕಿ ಕೂತಳು. ಬಸ್ಸು ಹಿಂದಕ್ಕೆ ಬರತೊಡಗಿತು.

"ಬರ್ಲಿ... ಬರ್ಲಿ... ಬಲಕ್ಕೆ ಒಂದು ಸುತ್ತು ಹೊಡಿ. ಇನ್ನೂ. ಬಿಡು ಈಗ, ನೇರ ಮಾಡು. ಮರ ನಿನಗೆ ಸಿಗಲ್ಲ, ಹೆದರ್ಬೇಡ ಬಾ. ನಿಲ್ಸು! ಒಂಚೂರು ಮುಂದೆ ಹೋಗಿ ಎಡಕ್ಕೆ ತಗೊ. ಹಾಂ, ಈಗ ಬಾ... ನಿಧಾನ... ಇನ್ನೊಂದು ಮೊಳ... ಒಂದು ಗೇಣು... ಸಾಕು!"

ಆ ಮೂರು ವರ್ಷದಲ್ಲಿ ನಾನು ಅಂಥ ದನಿ ಕೇಳಿರಲಿಲ್ಲ. ಇಡೀ ಬಸ್ಸು ಅವಳ ಬಾಯಿಯಿಂದ ಹೊರಟು ಅವಳ ಮುಂದೆ ಬಂದು ನಿಂತಂತೆ ಇತ್ತು. ಬಸ್ಸಿನ ನೆಲಕ್ಕೂ ಕಟ್ಟೆಗೂ ಎತ್ತರದಲ್ಲಿ ಎರಡು ಬೆರಳಿನ ವ್ಯತ್ಯಾಸ, ನಡುವೆ ಒಂದು ಗೇಣು ಸಂದು. ಬಿಳಿ ಮೀಸೆಯ ಕಾವಲುಗಾರ ಎಲ್ಲಿಂದಲೋ ಒಂದು ಅಗಲದ ಹಲಗೆ ತಂದು ಹಾಸಿದ. ಅಮ್ಮ ಬ್ರೇಕು ಬಿಟ್ಟು, ಎರಡು ಕೈಯಲ್ಲಿ ಒಂದೇ ಸಲ ಚಕ್ರ ತಳ್ಳಿ, ಬಸ್ಸಿನೊಳಗೆ ಹೋದಳು. ನಾನೇ ಹಿಂದಿನಿಂದ ಎರಡು ಬೆಲ್ಟಿನಲ್ಲಿ ಗಾಡಿಯನ್ನು ಸೀಟಿನ ಕಂಬಿಗೆ ಬಿಗಿದೆ. ಅಷ್ಟಕ್ಕೆ ಅವಳು ಅವಕಾಶ ಕೊಟ್ಟಳು.

ಡ್ರೈವರ್ ಸೀಟಿನಿಂದ ಎದ್ದು ಬಂದಿದ್ದ. "ಅಮ್ಮ, ನೀವು ಡ್ರೈವರ‍್ರಾ?"

ಅಮ್ಮ ಬಾಯಿ ತೆರೆಯುವ ಮೊದಲೇ ಹೆಂಡತಿ, ಇಡೀ ಬಸ್ಸಿಗೆ ಕೇಳುವಂತೆ, "ಇಪ್ಪತ್ತೇಳು ವರ್ಷ!" ಅಂದಳು. ಅಮ್ಮ ಅವಳ ಕಡೆ ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿದಳು. ಕಿವಿಯ ತುದಿ ಕೆಂಪಗಾಗಿತ್ತು.

ಆ ಬೆಳಿಗ್ಗೆ ನಾವು ಜಿಂಕೆಗಳ ಹಿಂಡು ನೋಡಿದೆವು, ನವಿಲು ನೋಡಿದೆವು. ಒಂದು ಕಾಡೆಮ್ಮೆ ದಾರಿಗಡ್ಡ ನಿಂತು ಕಾಲು ಗಂಟೆ ಕದಲಲಿಲ್ಲ. ಇಳಿಯುವಾಗಲೂ ಅದೇ ಕಟ್ಟೆ, ಅದೇ ಹಲಗೆ. ಆದರೆ ಅಷ್ಟು ಹೊತ್ತಿಗೆ ಡ್ರೈವರ್ ಪಾಠ ಕಲಿತಿದ್ದ, ಎರಡೇ ಸಲಕ್ಕೆ ತಾಗಿಸಿದ. ಮರುದಿನ ಒಂದೇ ಸಲಕ್ಕೆ ತಾಗಿಸಿ, ಶಭಾಶ್ ಅನ್ನಿಸಿಕೊಳ್ಳಲು ಕಿಟಕಿಯಿಂದ ತಲೆ ಹೊರಹಾಕಿದ. ಅನ್ನಿಸಿಕೊಂಡ.

ಊರಿಗೆ ಬಂದು ಎರಡು ತಿಂಗಳಾದ ಮೇಲೆ ಒಂದು ಸಂಜೆ ಅಮ್ಮನ ಫೋನು ಹೊಡೆದುಕೊಂಡಿತು. ಗುರುತಿಲ್ಲದವರು. ಅವರ ಯಜಮಾನರು ಗಾಲಿಕುರ್ಚಿಯಲ್ಲಿದ್ದಾರಂತೆ. ಅತಿಥಿಗೃಹದ ಕಾವಲುಗಾರ, 'ನನ್ನ ಮಾತು ನಂಬಬೇಡಿ, ಇವರನ್ನ ಕೇಳಿ' ಎಂದು ಅಮ್ಮನ ನಂಬರು ಕೊಟ್ಟನಂತೆ. ಅಮ್ಮ ಮುಕ್ಕಾಲು ಗಂಟೆ ಮಾತಾಡಿದಳು. ಆಮೇಲೆ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು. ಈಗ ವಾರಕ್ಕೆ ಎರಡು ಫೋನಾದರೂ ಬರುತ್ತವೆ. ಅವಳ ಮೇಜಿನ ಮೇಲೆ ಒಂದು ಪುಸ್ತಕ ಬಂದಿದೆ, 'ಯಾರೂ ಎತ್ತದ ಜಾಗಗಳು' ಎಂದು ಸೊಸೆ ತನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟದ್ದು. ಅದರಲ್ಲೀಗ ಹನ್ನೊಂದು ಊರುಗಳಿವೆ. ಸೊಸೆ ಸ್ಟಾಫ್ ರೂಮಿನಲ್ಲಿ ಏನು ಹೇಳಿಕೊಂಡಿದ್ದಾಳೋ ಗೊತ್ತಿಲ್ಲ. ಅವಳ ಸಹೋದ್ಯೋಗಿಗಳೇ ಹೋದ ಹೋದ ಕಡೆ ಬಾಗಿಲು ಅಳೆದು ಕಳಿಸುತ್ತಿದ್ದಾರೆ.

ಮೊನ್ನೆ ನಾನು ಕೆಲಸದಿಂದ ಬಂದಾಗಲೂ ಅಮ್ಮ ಫೋನಿನಲ್ಲಿದ್ದಳು. ನನ್ನನ್ನು ನೋಡಿ, ಸುಮ್ಮನಿರು ಎಂದು ಕೈ ಸನ್ನೆ ಮಾಡಿ ಮಾತು ಮುಂದುವರಿಸಿದಳು.

"ಎರಡನೇ ರೂಮೇ ಕೇಳಿ. ಮೊದಲನೇದರಲ್ಲಿ ಮಂಚ ಎರಡು ಇಂಚು ಎತ್ತರ... ಹೂಂ, ಪ್ರಾಣಿಗಳ ಆಸ್ಪತ್ರೆನೇ. ಅದಕ್ಕೇನೀಗ? ಕಾಡಿಗೆ ಹೋಗ್ತಿರೋದು ತಾನೇ... ನಿಮ್ಮ ಮಗಳಿಗೆ ಯಾವ ಕೈಲಿ ಬಲ ಜಾಸ್ತಿ? ಅವಳಿಗೇ ಕೊಡಿ ಫೋನು, ಅವಳ ಹತ್ರಾನೇ ಮಾತಾಡ್ತೀನಿ."